ಗೋಲ್‌ಕೀಪರ್‌ನ ಕಾರ್ಡು

ಆ ಕಾರ್ಡು ನನ್ನ ಬಳಿಯೇ ಇತ್ತು. ಈಗಲೂ ಇದೆ.

ನಿಂತುಹೋದ ‘ಗಡಿ ಕಪ್’ ಪಂದ್ಯಾವಳಿಯ ಇತಿಹಾಸ ಬರೆದುಕೊಡಿ ಎಂದು ನಮ್ಮ ಫುಟ್‌ಬಾಲ್ ಕ್ಲಬ್ಬಿನವರು ಕೇಳಿದ್ದಾರೆ. ದಾಖಲೆಗಳೆಲ್ಲ ನನ್ನಲ್ಲಿವೆ — ವರ್ಷವಾರು, ಬಣ್ಣದ ಚೀಟಿ ಅಂಟಿಸಿ. ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ರಕ್ತದ ಸೀಸೆಗಳಿಗೆ ಹೆಸರು ಬರೆದವಳು ನಾನು, ಒಂದೂ ಅದಲುಬದಲಾಗಿಲ್ಲ. ಆದರೆ ಇತಿಹಾಸದ ಕೊನೆಯ ಪುಟ —

ಪಂದ್ಯಾವಳಿ ದೊಡ್ಡದೇನಲ್ಲ. ಗಡಿಯ ಈಚೆ ನಮ್ಮ ಕಡೆಯ ಕೆಲವು ಕ್ಲಬ್ಬುಗಳು, ಆಚೆ ಮೆಕ್ಸಿಕೋದ ಕೆಲವು. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ. ಗೆದ್ದವರು ಕಪ್ಪನ್ನು ಜರ್ಸಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಗಡಿ ದಾಟುತ್ತಿದ್ದರು. ಬಡಗಿಗಳು, ಬೇಕರಿಯವರು — ಒಂದು ಚೆಂಡಿಗಾಗಿ ಇಡೀ ದಿನ ವ್ಯಾನಿನಲ್ಲಿ ಕೂತು ಬರುತ್ತಿದ್ದರು. ಪ್ರತಿ ಸಲವೂ ನಾನು ಬೆರಗಾಗುತ್ತಿದ್ದೆ.

ಆಟಗಾರರ ಗುರುತಿನ ಕಾರ್ಡು ನೋಡುವುದು ನನ್ನ ಕೆಲಸ. ಆಟಕ್ಕೆ ಮುಂಚೆ ಪಡೆದು, ಮುಗಿದ ಮೇಲೆ ಹಿಂದಿರುಗಿಸಬೇಕು. ಕಾರ್ಡಿಲ್ಲದವರು ಆಡುವಂತಿಲ್ಲ. ಗೋಲ್‌ಕೀಪರ್‌ಗಳ ಕಾರ್ಡನ್ನು ಮಾತ್ರ ಫೈಲಿನ ಹಿಂದಿನ ಜೇಬಿನಲ್ಲಿ ಬೇರೆ ಇಡುತ್ತಿದ್ದೆ. ಅದು ನಾನೇ ಮಾಡಿಕೊಂಡ ಪದ್ಧತಿ.

ಕೊನೆಯ ವರ್ಷದ ಆಟ ನಮ್ಮ ಕಡೆ, ಕೊಲ್ಲಿಯ ದಂಡೆಯ ನೆವಾರ್ಕಿನಲ್ಲಿ. ಶನಿವಾರದ ಸೆಮಿಫೈನಲ್‌ನಲ್ಲಿ ಮೆಕ್ಸಿಕೋದ ಟಿಹ್ವಾನಾ ತಂಡದ ಗೋಲ್‌ಕೀಪರ್ ರಫಾಯೆಲ್ ಒಂದು ಪೆನಾಲ್ಟಿ ತಡೆದರು. ನಲವತ್ತು ದಾಟಿದ ಮನುಷ್ಯ. ಒದೆಯುವವನ ಕಾಲು ಚೆಂಡಿಗೆ ತಾಗುವ ಮೊದಲೇ ಆ ದೇಹ ಅತ್ತ ಹೊರಟಿತ್ತು — ಹೇಗೆ ತಿಳಿಯಿತೋ. ಸಮಯ ಬರೆದುಕೊಳ್ಳುವುದನ್ನೇ ನಾನು ಮರೆತೆ.

ಮರುದಿನ ಫೈನಲ್, ನಮ್ಮ ಕ್ಲಬ್ಬಿನ ವಿರುದ್ಧ. ನಮ್ಮ ತಂಡದಲ್ಲಿ ನನ್ನ ಮಗನೂ ಇದ್ದ. ಟಿಹ್ವಾನಾದ ಕೋಚು ಕೊಟ್ಟ ಕಾರ್ಡುಗಳಲ್ಲಿ ಒಂದು ಕಮ್ಮಿ — ರಫಾಯೆಲ್ ಅವರದು. ನಿನ್ನೆ ನಿಮ್ಮಿಂದ ವಾಪಸು ಬರಲಿಲ್ಲವೇನೋ, ಒಮ್ಮೆ ಫೈಲು ನೋಡುತ್ತೀರಾ ಎಂದು ವಿನಯದಿಂದಲೇ ಕೇಳಿದರು.

“ನನ್ನ ಫೈಲಿನಲ್ಲಿ ತಪ್ಪಾಗುವುದಿಲ್ಲ,” ಎಂದೆ, ಎಲ್ಲರಿಗೂ ಕೇಳುವಂತೆ. ತೆರೆಯಲಿಲ್ಲ.

ಅವರ ಮುಂಚೂಣಿಯ ಆಟಗಾರನೊಬ್ಬ ಕೈಗವಸು ಹಾಕಿಕೊಂಡು ಗೋಲಿನಲ್ಲಿ ನಿಂತ. ರಫಾಯೆಲ್ ಬಲೆಯ ಹಿಂದೆ ನಿಂತು ಅವನಿಗೆ ಕೂಗಿ ಹೇಳುತ್ತಿದ್ದರು — ಎಡಕ್ಕೆ, ಮುಂದಕ್ಕೆ, ನಿಲ್ಲು. ಕೊಲ್ಲಿಯ ಕಡೆಯ ಗಾಳಿಗೂ ಆ ದನಿ ಚದುರಲಿಲ್ಲ. ಅರ್ಧ ಆಟ ಮುಗಿದರೂ ಗೋಲಾಗಲಿಲ್ಲ.

ವಿರಾಮದಲ್ಲಿ ಪೆನ್ನು ಹುಡುಕುತ್ತ ಫೈಲಿನ ಹಿಂದಿನ ಜೇಬಿಗೆ ಕೈ ಹಾಕಿದೆ. ನಮ್ಮ ಗೋಲ್‌ಕೀಪರ್‌ನ ಕಾರ್ಡಿನ ಹಿಂದೆ ಅಂಟಿಕೊಂಡಿದ್ದ ರಫಾಯೆಲ್ ಕಾರ್ಡು ಸಿಕ್ಕಿತು.

ಇನ್ನೂ ಸಮಯವಿತ್ತು. ಎದ್ದು ಹತ್ತು ಹೆಜ್ಜೆ ಹೋದರೆ ಸಾಕಿತ್ತು. ನಾನು ಜಿಪ್ಪು ಎಳೆದೆ.

ಆಮೇಲೆ ಆದದ್ದು ಒಂದೇ ಗೋಲು, ನಮ್ಮದು. ರಫಾಯೆಲ್ ಇದ್ದಿದ್ದರೆ ನಿಂತಲ್ಲೇ ಹಿಡಿಯುತ್ತಿದ್ದ ಚೆಂಡು. ನನ್ನ ಮಗನ ಕೊರಳಿಗೆ ಪದಕ ಬಿತ್ತು.

ಹೊರಡುವ ಮುಂಚೆ ರಫಾಯೆಲ್ ಅವರೇ ನನ್ನ ಮೇಜಿನ ಬಳಿ ಬಂದು ಕೈಕುಲುಕಿದರು. ಹರುಕುಮುರುಕು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: “ರೂಲ್ ಅಂದ್ರೆ ರೂಲ್, ಮೇಡಂ. ಮುಂದಿನ ವರ್ಷ ಕಾರ್ಡನ್ನ ಹಲ್ಲಲ್ಲಿ ಕಚ್ಕೊಂಡೇ ಬರ್ತೀನಿ.” ನಕ್ಕರು.

ಆ ಮುಂದಿನ ವರ್ಷ ಬರಲೇ ಇಲ್ಲ. ಗಡಿ ದಾಟಲು ಕಾಯುವ ಸಾಲು ಉದ್ದವಾಯಿತು, ಕ್ಲಬ್ಬುಗಳು ಒಂದೊಂದಾಗಿ ಹಿಂದೆ ಸರಿದವು. ಕಪ್ಪು ಪ್ಲೆಸೆಂಟನ್ ಊರಿನಲ್ಲಿರುವ ಮಗನ ಮನೆಯ ಗ್ಯಾರೇಜಿನಲ್ಲಿದೆ.

ಹೋದ ವಾರ ಮೊಮ್ಮಗಳು — ಅವಳೂ ಗೋಲ್‌ಕೀಪರ್ — ಫೈಲು ತಿರುವುತ್ತ ಕಾರ್ಡು ಹೊರತೆಗೆದು ಯಾರಿದು ಎಂದಳು. ಮೊದಲ ಬಾರಿ ಬಾಯಿಬಿಟ್ಟು ಹೇಳಿದೆ.

“ಅಜ್ಜಿ, ಡಿಡ್ ಯು ಎವರ್ ಟೆಲ್ ಹಿಮ್?”

“ಇಲ್ಲ ಪುಟ್ಟಿ.”

“ಅಪ್ಪಂಗೆ?”

ನಿನ್ನೆ ಮಗನಿಗೂ ಹೇಳಿದೆ. ಅವನು ಗೋಡೆಯಿಂದ ಪದಕ ಇಳಿಸಿ ನನ್ನ ಮುಂದಿಟ್ಟು ಹೊರಗೆ ಹೋದ.

ಫೈನಲ್ಲಿನ ಪುಟದಲ್ಲಿ, ರಫಾಯೆಲ್ ಹೆಸರಿನೆದುರು, ನನ್ನದೇ ದುಂಡಗಿನ ಅಕ್ಷರದಲ್ಲಿ ‘ಗೈರುಹಾಜರಿ’ ಎಂದಿತ್ತು. ಇಂದು ಅದನ್ನು ಹೊಡೆದುಹಾಕಿ ಬರೆದೆ: ‘ಹಾಜರಿದ್ದರು. ತೊಂಬತ್ತು ನಿಮಿಷವೂ, ಗೋಲಿನ ಹಿಂದೆ. ಅವರ ಕಾರ್ಡು ನನ್ನ ಫೈಲಿನಲ್ಲಿತ್ತು. ವಿರಾಮದಲ್ಲೇ ನನಗೆ ತಿಳಿದಿತ್ತು.’

ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದೇನೆ. ಇತಿಹಾಸ ಇದೇ ಪುಟದಿಂದ ಶುರುವಾಗಲಿ. ಕಾರ್ಡನ್ನು ಅವರ ಕೈಗೇ ಕೊಡಬೇಕು — ವಿಳಾಸ ಹುಡುಕುತ್ತಿದ್ದೇನೆ.