ಕಲಶಕ್ಕೆ ಬರುವ ಎಂಟನೆಯ ಹೊಳೆ

ಪೂಜೆಗೆ ಕೂತಾಗ ಕಲಶದ ನೀರಿಗೆ ಏಳು ನದಿಗಳನ್ನು ಕರೆಯಬೇಕು. ಮದುವೆಯಾಗಿ ಬಂದಾಗಿನಿಂದ ತಪ್ಪದೆ ಕರೆದಿದ್ದೇನೆ. ಗಂಗೆಯನ್ನಾಗಲಿ ಕಾವೇರಿಯನ್ನಾಗಲಿ ಕಾಯಿಸಿದವಳಲ್ಲ. ಈಚೆಗೆ ಮಾತ್ರ ಏಳನೆಯದು ಮುಗಿದು ಹೂವು ಹಾಕುವಷ್ಟರಲ್ಲಿ ಎಂಟನೆಯದೊಂದು ತಾನಾಗಿ ಬಂದು ನಿಲ್ಲುತ್ತದೆ. ಅದು ಚೀನಾದ ಹೊಳೆ. ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಹೆಸರು ಹೇಳಲು ಬಾರದ ಹೊಳೆಯನ್ನು ದೇವರ ಮುಂದೆ ನೆನೆಯುವುದು ತಪ್ಪೋ ಏನೋ. ಆದರೂ ಮನೆಗೆ ಬಂದವರನ್ನು ಹೋಗು ಅನ್ನಲು ನನಗೆ ಬಾಯಿ ಬರುವುದಿಲ್ಲ.

ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹೆಂಗಸು ಚೀನಾಕ್ಕೆ ಹೋದದ್ದು ಹೇಗೆ ಎಂದು ನಮ್ಮ ಬೀದಿಯೆಲ್ಲ ಕೇಳಿತು, ನೀವೂ ಕೇಳಬಹುದು. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ನಮ್ಮ ಯಜಮಾನರು ಸೀರೆ ವ್ಯಾಪಾರವನ್ನೂ ನೋಡಿಕೊಳ್ಳುತ್ತಾರೆ. ಚೀನಾ ರೇಷ್ಮೆಯನ್ನು ಎಲ್ಲರೂ ಬೈದುಕೊಂಡೇ ಕೊಳ್ಳುತ್ತಿದ್ದ ಕಾಲ ಅದು. ಅಲ್ಲಿ ನೂಲು ಹೇಗೆ ತೆಗೆಯುತ್ತಾರೆ ನೋಡಿಬರೋಣ ಎಂದು ಹತ್ತು ಹನ್ನೆರಡು ವ್ಯಾಪಾರಿಗಳು ಹೊರಟರು. ಒಬ್ಬರು ಮೊದಲೇ ಹಿಂದೆ ಸರಿದರು. ಆ ಜಾಗ ನನ್ನ ಪಾಲಿಗೆ ಬಂತು. ದೇವರು ನನಗೆ ಕೊಡುವುದೆಲ್ಲ ಹೀಗೇ, ಯಾರೋ ಬೇಡ ಅಂದ ಮೇಲೆ. ಆದರೂ ಕೊಡುತ್ತಾನಲ್ಲ.

ಪುರಾಣ ಹೇಳುವವರು ದೇವಿಗೆ ಚೀನಾಂಬರ ಉಡಿಸುವುದನ್ನು ಕೇಳಿಯೇ ಬೆಳೆದವಳು ನಾನು. ದೇವಿಯೇ ಆ ದೇಶದ ಬಟ್ಟೆ ಉಟ್ಟ ಮೇಲೆ ಭಕ್ತೆ ಹೋಗಿಬಂದರೆ ಏನು ಮೈಲಿಗೆ ಎಂದುಕೊಂಡು ಒಂದು ಡಬ್ಬ ಹುರಿಹಿಟ್ಟು, ಒಂದು ಡಬ್ಬ ಚಟ್ನಿಪುಡಿ, ಒಂದು ಪೊಟ್ಟಣ ವಿಭೂತಿ ಕಟ್ಟಿಕೊಂಡೆ. ಮೊದಲೆರಡು ಇಲ್ಲದಿದ್ದರೆ ನಾನು ಬದುಕಿ ಬರುತ್ತಿರಲಿಲ್ಲ. ಮೂರನೆಯದು ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನೂಲಿನ ಕಾರ್ಖಾನೆಗಳಲ್ಲಿ ನಮ್ಮ ಮನೆಯದೇ ಗದ್ದಲ. ಅಷ್ಟು ದೂರ ಹೋಗಿ ತವರಿಗೆ ಬಂದ ಹಾಗಾಯಿತು. ಕೊನೆಯ ದಿನ ಹೊಳೆದಂಡೆಯ ಒಂದು ಹಳೇ ಊರಿಗೆ ಕರೆದುಕೊಂಡು ಹೋದರು. ಮನೆಗಳು ಮರದ ಕಂಬಗಳ ಮೇಲೆ, ನೀರಿನೊಳಗೇ ಕಾಲಿಳಿಬಿಟ್ಟು ಕೂತಿದ್ದವು. ಹೆಂಗಸರು ಮೆಟ್ಟಿಲಲ್ಲಿ ಬಟ್ಟೆ ಬಡಿಯುತ್ತಿದ್ದರು. ಬೆಟ್ಟದಿಂದ ಇಳಿದು ಬಂದ ಮಿಯಾವೊ ಜನ ಸಂತೆಗೆ ಸೇರಿದ್ದರು. ಕೆಲವು ಹುಡುಗಿಯರ ತಲೆಯ ಮೇಲೆ ಬೆಳ್ಳಿಯ ಕಿರೀಟ, ನಡೆದರೆ ಗೆಜ್ಜೆಯ ಸದ್ದು. ನಾನು ಎಲ್ಲಕ್ಕಿಂತ ಹೆಚ್ಚು ನೋಡಿದ್ದು ನೀರನ್ನು. ನಮ್ಮ ತಾಲ್ಲೂಕಿನಲ್ಲಿ ಅರ್ಕಾವತಿ ಹರಿಯುತ್ತದೆಂದು ಶಾಲೆಯಲ್ಲಿ ಓದಿ ನಂಬಿದ್ದೇನೆ. ದೇವರನ್ನು ನಂಬಿದ ಹಾಗೇ, ಕಾಣದೆ.

ಒಂದು ಮನೆಯ ಜಗುಲಿಯಲ್ಲಿ ಅಜ್ಜಿಯೊಬ್ಬಳು ನೇಯುತ್ತಿದ್ದಳು. ಹಾಸಿನ ಉದ್ದೆಳೆಗಳ ಒಂದು ತುದಿ ಕಂಬಕ್ಕೆ, ಇನ್ನೊಂದು ಅವಳ ಸೊಂಟಕ್ಕೆ. ನೇಯುತ್ತಿದ್ದುದು ಎರಡು ಬೆರಳಗಲದ ಪಟ್ಟಿ, ಕಪ್ಪು ನೆಲದ ಮೇಲೆ ಕೆಂಪು ಹೂ. ಅಂಚಿನಲ್ಲಿ ಒಂದು ಎಳೆ ಕಡಿದು ಜೋತುಬಿದ್ದಿತ್ತು.

ನಮ್ಮಲ್ಲಿ ಒಂದು ರೂಢಿಯಿದೆ. ಕಡಿದ ಎಳೆ ಯಾರ ಕಣ್ಣಿಗೆ ಬೀಳುತ್ತದೋ ಅವರೇ ಕೂಡಿಸಬೇಕು. ಮಗ್ಗ ಯಾರದು ಎಂದು ಕೇಳುವಂತಿಲ್ಲ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆದರೆ ಎಳೆ ಜಾರುವುದಿಲ್ಲ. ನನ್ನ ಕೈ ನನ್ನನ್ನು ಕೇಳಲಿಲ್ಲ. ಚೀಲದಿಂದ ವಿಭೂತಿ ತೆಗೆಯಿತು, ಬಗ್ಗಿತು, ಎರಡು ತುದಿ ಹಿಡಿದು ಹೊಸೆದೇಬಿಟ್ಟಿತು. ಆಮೇಲೆ ಬುದ್ಧಿ ಬಂತು. ಗುರುತಿಲ್ಲದವರ ಅಡುಗೆಮನೆಗೆ ನುಗ್ಗಿ ಸಾರಿಗೆ ಉಪ್ಪು ಹಾಕಿದ ಹಾಗಾಗಿತ್ತು.

ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಬೆರಳನ್ನು ಮೂಸಿ ನೋಡಿದಳು. ಎಳೆಯನ್ನು ಜಗ್ಗಿದಳು, ಅದು ಬಿಡಲಿಲ್ಲ. ಆಗ ಬೊಚ್ಚುಬಾಯಿ ಬಿಟ್ಟು ನಕ್ಕು, ಪಕ್ಕಕ್ಕೆ ಸರಿದು ಮಣೆಯ ಮೇಲೆ ಜಾಗ ಮಾಡಿ, ಏನೋ ಉದ್ದಕ್ಕೆ ಹೇಳಿದಳು. ಅದನ್ನು ನಮ್ಮ ಜೊತೆಗಿದ್ದ ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ಅರ್ಧ ಮಾಡಿದಳು. ಯಜಮಾನರು ಕನ್ನಡದಲ್ಲಿ ಚಿವುಟಿ ಕೊಟ್ಟರು: "ಕೂತ್ಕೋಬೇಕಂತೆ. ಬಸ್ಸು ಹೊರಡುತ್ತೆ, ಬಾ."

ಕೈ ಮುಗಿದು ಬಂದುಬಿಟ್ಟೆ. ಅಜ್ಜಿಯ ಹೆಸರು ಕೇಳಲಿಲ್ಲ.

ಊರಿಗೆ ಬಂದು ತಿಂಗಳುಗಳೇ ಕಳೆದಿದ್ದವು. ಒಂದು ಮಧ್ಯಾಹ್ನ ಕರೆಂಟು ಹೋಗಿ ನಾಲ್ಕೂ ಮಗ್ಗ ನಿಂತವು. ಅಂಥ ಹೊತ್ತಿನಲ್ಲೇ ನಮ್ಮ ಮನೆಯಲ್ಲಿ ಸಂಸಾರದ ಮಾತು ನಡೆಯುವುದು.

"ರೀ, ಕೂತ್ಕೋ ಅನ್ನೋದಕ್ಕೆ ಆ ಅಜ್ಜಿ ಅಷ್ಟೊಂದು ಮಾತಾಡ್ಬೇಕಿತ್ತಾ?"

"ಇನ್ನೂ ಏನೋ ಅಂದ್ಲು ಕಣೇ."

"ಏನಂದ್ಲು?"

"ಇದ್ರಲ್ಲಿ ನಿನ್ನ ಕೈಯೂ ಬಿದ್ದಿದೆ, ಸಂಜೆಗೆ ಮುಗಿಯುತ್ತೆ, ಕಾದಿದ್ದು ತಗೊಂಡು ಹೋಗು ಅಂತ. ಆಗ್ದಿದ್ರೆ ಇನ್ನೊಂದ್ಸಲ ಬಾ, ಅಲ್ಲೀವರೆಗೂ ಕತ್ತರಿಸೋದಿಲ್ಲ ಅಂತ."

"ಅದನ್ನ ಈಗ ಹೇಳ್ತಿದೀರಾ?"

"ಆಗ್ಲೇ ಹೇಳಿದ್ರೆ ನೀನು ಕೂತೋಳು ಏಳ್ತಿದ್ಯಾ? ಬಸ್ಸಲ್ಲಿ ಅಷ್ಟು ಜನ ಕಾಯ್ತಿದ್ರು."

ಏಳುತ್ತಿರಲಿಲ್ಲ, ನಿಜ. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಅಷ್ಟು ತಿಳಿಯದೆ ಇರುತ್ತದೆಯೇ. ಆದರೂ ಸಿಟ್ಟಿಗೆ ಮಾತು ಬಿಟ್ಟೆ. ಮಗ್ಗ ಆಡುವ ಮನೆಯಲ್ಲಿ ಹೆಂಡತಿ ಮಾತು ಬಿಟ್ಟದ್ದು ಗಂಡನಿಗೆ ಕೇಳಿಸುವುದೇ ಇಲ್ಲ. ಮೂರನೆಯ ದಿನ ಮತ್ತೆ ಕರೆಂಟು ಹೋದಾಗ, "ಯಾಕೆ ಸುಮ್ನಿದೀಯ?" ಎಂದರು. ಹೇಳಿದೆ. "ಅಷ್ಟೇ ತಾನೆ, ಇನ್ನೊಂದ್ಸಲ ಹೋಗಿಬರೋಣ ಬಿಡು," ಎಂದರು, ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿಬರೋಣ ಎನ್ನುವ ಹಾಗೆ. ಹೋಗುವುದಿಲ್ಲ ಎಂದು ಅವರಿಗೂ ಗೊತ್ತು. ಆದರೂ ಅಂದರಲ್ಲ; ಅದನ್ನೂ ಒಂದು ಭಾಗ್ಯವೆಂದು ಎಣಿಸಿಕೊಂಡೆ.

ಆವತ್ತಿನಿಂದ ಒಂದು ಸಂಕಟ. ನೇಯುವ ಮನೆಯವಳಿಗೆ ಗೊತ್ತು, ಯಾರಿಗಾಗಿಯೋ ಹಾಸು ನಿಲ್ಲಿಸಿಟ್ಟರೆ ಒಲೆಯೂ ನಿಲ್ಲುತ್ತದೆ. ಬಾರದವಳಿಗೋಸ್ಕರ ಆ ಮುದುಕಿ ಕೆಲಸ ನಿಲ್ಲಿಸಿ ಕಾಯುತ್ತಿದ್ದರೆ ಪಾಪ ಯಾರಿಗೆ? ಅದಕ್ಕೇ ದಿನವೂ ಕೇಳಿಕೊಳ್ಳುತ್ತೇನೆ: ತಾಯಿ, ಆಕೆ ನನಗಾಗಿ ಕಾಯದಿರಲಿ. ಪಟ್ಟಿ ಕತ್ತರಿಸಿ ಮಾರಿರಲಿ. ಯಾವುದೋ ಹುಡುಗಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಸಂತೆಗೆ ಹೋಗಿರಲಿ. ನಿನ್ನ ವಿಭೂತಿ ಅವಳನ್ನು ಕಾಯಲಿ.

ಅಷ್ಟು ಹೇಳಿ ಏಳಬೇಕು. ಏಳುವುದಿಲ್ಲ. ಎಂಟನೆಯ ಹೊಳೆ ಕಲಶದ ಹತ್ತಿರ ನಿಂತೇ ಇರುತ್ತದೆ, ಕಂಬದ ಮನೆಗಳ ನೆರಳು ಸಮೇತ. ಆಗ ಬಾಯಿಗೆ ಬಾರದ ಇನ್ನೊಂದು ಮಾತು ಒಳಗೇ ಹೊರಳುತ್ತದೆ: ನನಗೆಂದು ಕೊನೆಯ ಒಂದು ಗೇಣು ನೇಯದೆ ಬಿಟ್ಟಿರಲಿ.

ಎರಡರಲ್ಲಿ ಯಾವುದನ್ನು ನಡೆಸಿಕೊಡಬೇಕು ಎನ್ನುವುದನ್ನು ದೇವಿಗೇ ಬಿಟ್ಟಿದ್ದೇನೆ. ಚೀನಾಂಬರ ಉಟ್ಟವಳು, ನೇಯುವವರ ಮನಸ್ಸು ಅವಳಿಗೆ ತಿಳಿದಿರಬೇಕು.