ಥರ್ಮಾಕೋಲಿನ ಕೋಟೆ

ಮೂಡುಬಿದಿರೆಯ ಹಮೀದ್ ಕಾಕರ ಸೈಕಲ್ ಅಂಗಡಿಯ ಮಾಳಿಗೆಯಲ್ಲಿ, ಜುಲೈಯ ಒಂದು ಭಾನುವಾರ ಸಂಜೆ ನಾಲ್ಕು ಗಂಟೆಗೆ, ಬೊಂಬೆ ಸೈನಿಕರ ಯುದ್ಧದಾಟದ ಮೇಜಿನ ಕಿಟಕಿ ಬದಿಯಲ್ಲಿ ನಾನು ತೀರ್ಪುಗಾರನಾಗಿ ನಿಂತಿದ್ದೆ.

ಮೇಜಿನ ಮೇಲೆ ಮೇಸ್ತ್ರಿ ಆರು ತಿಂಗಳು ಕೂತು ಕಟ್ಟಿದ ಥರ್ಮಾಕೋಲಿನ ಕೋಟೆ ಇತ್ತು. ಊರಿಡೀ ಕೆಂಪುಕಲ್ಲಿನ ಕಾಂಪೌಂಡು ಕಟ್ಟಿದವರು ಅವರು. ಉಗುರಿನಷ್ಟು ಕಲ್ಲನ್ನೂ ಒಂದು ಕಣ್ಣು ಮುಚ್ಚಿ, "ಒಮ್ಮೆ ನೋಡುವ" ಎಂದೇ ಇಡುತ್ತಿದ್ದರು. ಅಂದು ಸೋತರೆ ಕೋಟೆಯನ್ನು ಎದುರಾಳಿಗೆ, ಮುಂಡಾಜೆಯ ಮಾಸ್ಟ್ರಿಗೆ, ಬಿಟ್ಟುಕೊಡಬೇಕೆಂದು ಪಂಥ.

ಮೇಸ್ತ್ರಿಗೆ ಉಳಿದದ್ದು ಗೋಡೆಯ ಹೊರಗೆ ಮಲಗಿ ಗುರಿಯಿಟ್ಟ ಒಬ್ಬನೇ ಸೈನಿಕ. ಮಾಸ್ಟ್ರ ಸೇನಾಪತಿ ಗೋಡೆಯ ಒಳಗಿದ್ದ. ಸೈನಿಕನ ಕಣ್ಣಿಗೆ ಕಂಡರೆ ಮಾತ್ರ ಹೊಡೆಯಬಹುದು, ಸೇನಾಪತಿ ಬಿದ್ದರೆ ಆಟ ಮುಗಿಯಿತು ಎಂಬುದು ನಿಯಮ.

"ಒಮ್ಮೆ ನೋಡುವ," ಎಂದರು ಮೇಸ್ತ್ರಿ.

ನಾನು ಮೇಜಿಗೆ ಕೆನ್ನೆ ಹಚ್ಚಿದೆ. ಗೋಡೆಯ ಬುಡದಲ್ಲಿ ಬೆಂಕಿಕಡ್ಡಿ ಗಾತ್ರದ ತೂತು. ಅದರಾಚೆ ಸೇನಾಪತಿಯ ಕೆಂಪು ಅಂಗಿ. "ಕಾಣ್ತದೆ" ಎಂದೆ.

"ಗೋಡೆಗೆ ತೂತು ಯಾಕೆ ಮಾರಾಯ್ರೆ? ಮೇಜಿನ ಮೇಲೆ ಮಳೆ ಬರ್ತದಾ?" ಮಾಸ್ಟ್ರು ಕೂಗಿದರು.

"ನೀರಿಗೆ ದಾರಿ ಬಿಡದೆ ನನಗೆ ಗೋಡೆ ಕಟ್ಟಿ ಗೊತ್ತಿಲ್ಲ ಮಾಸ್ಟ್ರೆ."

ಹಮೀದ್ ಕಾಕ ತೂತಿಗೆ ಕಣ್ಣಿಟ್ಟು ನೋಡಿ ಹೌದೆಂದು ತಲೆಯಾಡಿಸಿದರು. ಮಾಸ್ಟ್ರೂ ಬಗ್ಗಿ ನೋಡಿದರು. ಎದ್ದು, ತಮ್ಮ ಸೇನಾಪತಿಯನ್ನು ತಾವೇ ಮಲಗಿಸಿದರು. ಮೇಸ್ತ್ರಿ ಕೋಟೆಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದರು.

ಮೇಸ್ತ್ರಿ ಈಗಿಲ್ಲ. ಆ ತೂತಿಗೆ ಕಣ್ಣಿಟ್ಟು ನೋಡಿದ ನಾನು, ಮಾಸ್ಟ್ರು, ಹಮೀದ್ ಕಾಕ, ಮೂವರೂ ಇದ್ದೇವೆ.