ಕಲ್ಲೂರಿನ ಎತ್ತಿನ ಬೆನ್ನುಮೂಳೆ

ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ನಮ್ಮ ಅಡುಗೆಕೋಣೆಯ ಒಂದೇ ಗೂಟಕ್ಕೆ ಎರಡು ಸಾಣಿಗೆಗಳು ತೂಗುತ್ತಿದ್ದವು. ಒಂದು ಜೋಳದ ಹಿಟ್ಟಿಗೆ, ಇನ್ನೊಂದು ಮುರಿದ ಎಲುಬಿಗೆ. ನಗಬೇಡಿ, ಮಿತ್ರರೇ, ನಾನು ದನದ ಡಾಕ್ಟರು. ಮುರಿದ ಕಾಲಿಗೆ ಕಟ್ಟುವ ಪ್ಲಾಸ್ಟರಿನ ಬಿಳಿ ಪುಡಿ ಡಬ್ಬಿಗಳಲ್ಲಿ ಬರುತ್ತಿತ್ತು. ಯುದ್ಧ ಶುರುವಾದ ಮೇಲೆ ಅದು ಬರುವುದೇ ಅಪರೂಪವಾಗಿ, ಬಂದದ್ದೂ ದಾರಿಯಲ್ಲಿ ತೇವ ಕುಡಿದು ಹೆಂಟೆಗಟ್ಟಿರುತ್ತಿತ್ತು. ಅದನ್ನು ಒಡೆದು, ರೊಟ್ಟಿಯ ಹಂಚಿನ ಮೇಲೆ ಹುರಿದು, ಕುಟ್ಟಿ, ಸಾಣಿಸಿ, ತೆಳುಬಟ್ಟೆಯ ಪಟ್ಟಿಗಳಿಗೆ ಅಂಗೈಯಿಂದ ತಿಕ್ಕಿ ತುಂಬಿ ಸುರುಳಿ ಸುತ್ತಿಡಬೇಕು. ಮೊದಲ ಸಲ ನಾನು ಕೇಳದೆ ಹಿಟ್ಟಿನ ಸಾಣಿಗೆಯನ್ನೇ ಎತ್ತಿಕೊಂಡಾಗ ನನ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತು, “ಇನ್ನ ಇದರಾಗ ಹಿಟ್ಟು ಸಾಣಿಸಿದ್ರ ನಿಮ್ಮ ಹೊಟ್ಟಿ ಗಟ್ಟಿಯಾಗಿ ಕುಂತೀತು. ಆವಾಗ ನಿಮ್ಮನ್ನ ಯಾವ ದವಾಖಾನಿಗೆ ಒಯ್ಯಲಿ?” ಎಂದಿದ್ದಳು. ಮರುವಾರ ಸಂತೆಯಿಂದ ಎರಡನೆಯ ಸಾಣಿಗೆ ಬಂತು.

ಆಗ ನಾವು ದೇವದುರ್ಗದಲ್ಲಿದ್ದೆವು. ರಾಯಚೂರಿನಲ್ಲಿ ಹುಟ್ಟಿ ಬೆಳೆದು, ಹೈದರಾಬಾದಿನಲ್ಲಿ ಓದಿ ಬಂದಿದ್ದ ನನಗೆ ಅದು ನೌಕರಿಯ ಮೊದಲ ಊರು. ಒಂದು ದಿನ ಹತ್ತಿರದ ಹಳ್ಳಿ ಮಸರಕಲ್ಲಿನವರು ಮುಂಗಾಲಿನ ನಳಿಗೆ ಎಲುಬು ಮುರಿದ ಹೋರಿಯೊಂದನ್ನು ಬಂಡಿಯಲ್ಲಿ ಹಾಕಿಕೊಂಡು ಬಂದರು. ಎಲುಬನ್ನು ಸಾಲಿಗೆ ತಂದು, ಹತ್ತಿ ಸುತ್ತಿ, ಪ್ಲಾಸ್ಟರ್ ಪಟ್ಟಿಯ ನಡುವೆ ಬಿದಿರಿನ ಸೀಳುಗಳನ್ನಿಟ್ಟು ಕಟ್ಟಿದೆ. ಎರಡು ತಿಂಗಳಿಗೆ ಕಟ್ಟು ಒಡೆದಾಗ ಹೋರಿ ನಾಲ್ಕು ಕಾಲೂರಿ ನಡೆಯಿತು. ಅಷ್ಟೇ ನಡೆದದ್ದು. ಆದರೆ ಸುದ್ದಿ ಹೋರಿಗಿಂತ ಜೋರಾಗಿ ಓಡಿತು. ನಾನು ‘ಎಲುಬಿನ ಸಾಹೇಬ’ನಾದೆ. ಮಾನ್ವಿಗೆ ವರ್ಗವಾಗಿ ಹೋಗುವಷ್ಟರಲ್ಲಿ ಆ ಹೆಸರು ನನಗಿಂತ ಮೊದಲೇ ಅಲ್ಲಿ ಇಳಿದುಕೊಂಡಿತ್ತು.

ನಮ್ಮ ಭಾಷೆಗೆ ಬೆನ್ನಿನ ಮೇಲೆ ಎಷ್ಟು ಅಕ್ಕರೆ ನೋಡಿ. ಮೆಚ್ಚಿದವರು ಬೆನ್ನು ತಟ್ಟುತ್ತಾರೆ, ನೆಚ್ಚಿದವರು ಬೆನ್ನಿಗೆ ನಿಲ್ಲುತ್ತಾರೆ, ಅಂಜಿದವರು ಬೆನ್ನು ತೋರಿಸುತ್ತಾರೆ. ಜನ ನನ್ನ ಬೆನ್ನು ತಟ್ಟಿ ತಟ್ಟಿ ಅದು ಸ್ವಲ್ಪ ಹೆಚ್ಚೇ ನೆಟ್ಟಗಾಗಿತ್ತು. ಬಾಗುವುದನ್ನು ಮರೆತ ಬೆನ್ನೂ ಒಂದು ಬಗೆಯ ಮುರಿದ ಬೆನ್ನೇ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಮಾನ್ವಿಯಲ್ಲಿದ್ದಾಗ ಕಲ್ಲೂರಿನ ಶಿವಲಿಂಗವ್ವನಿಂದ ಕರೆ ಬಂತು. ಐವತ್ತು ದಾಟಿದ ವಿಧವೆ. ಗಂಡ ಹೋದ ಮೇಲೆ ಹೊಲವನ್ನು ಯಾರಿಗೂ ಪಾಲಿಗೆ ಕೊಡದೆ ತಾನೇ ಬಂಡಿ ಹೂಡಿ, ತಾನೇ ಬಿತ್ತಿಸಿ, ಊರ ಗಂಡಸರು ಮರ್ಯಾದೆಯಿಂದಲೂ ತುಸು ಅಂಜಿಕೆಯಿಂದಲೂ ದಾರಿ ಬಿಡುತ್ತಿದ್ದ ಹೆಂಗಸು. ಹಿಂದಿನ ಸಂಜೆ ಹಳ್ಳದ ಇಳಿಜಾರಿನಲ್ಲಿ ಹತ್ತಿಯ ಹೇರಿನ ಬಂಡಿ ಮಗುಚಿ, ನೊಗದ ಎಡಗಡೆಯ ಎತ್ತಿನ ಬೆನ್ನ ಮೇಲೆ ಬಿದ್ದಿತ್ತು. ಆ ಎತ್ತು ಕರುವಾಗಿದ್ದಾಗ ತಾಯಿ ಹಸು ದನಗಳಿಗೆ ಹರಡುವ ದೊಡ್ಡರೋಗಕ್ಕೆ ಸತ್ತಿತ್ತಂತೆ. ಶಿವಲಿಂಗವ್ವ ಬಿದಿರಿನ ಗೊಟ್ಟದಲ್ಲಿ ಮೇಕೆಯ ಹಾಲು ಕುಡಿಸಿ ಅದನ್ನು ಬದುಕಿಸಿದ್ದಳು. ಹೆಸರು ಮಲ್ಲ.

ನಾನು ಹೋದಾಗ ಮಲ್ಲ ಹಟ್ಟಿಯಲ್ಲಿ ನಾಯಿ ಕೂತಂತೆ ಕೂತಿತ್ತು. ಮುಂಗಾಲುಗಳನ್ನು ಊರಿ ಎದ್ದೇಳಲು ಹೆಣಗುತ್ತಿತ್ತು. ಹಿಂಭಾಗ ಬೇರೆ ಯಾರದೋ ಎಂಬಂತೆ ನೆಲಕ್ಕೆ ಬಿದ್ದಿತ್ತು. ಬಾಲ ಸತ್ತ ಹಗ್ಗ. ಕೊನೆಯ ಪಕ್ಕೆಲುಬಿನ ಹತ್ತಿರ ಬೆನ್ನ ಮೇಲೆ ಬೆರಳಾಡಿಸಿದರೆ ಒಂದು ಗಂಟು, ಅದರ ಹಿಂದೆಯೇ ಒಂದು ತಗ್ಗು. ಸೂಜಿಯಿಂದ ಹಿಂಗಾಲಿನ ಗೊರಸಿನ ಸಂದಿಯನ್ನು ಚುಚ್ಚಿದೆ. ಕಾಲು ಚಟಕ್ಕನೆ ಮೇಲಕ್ಕೆ ಎಳೆದುಕೊಂಡಿತು.

“ಜೀವ ಅದ! ಕಾಲಾಗ ಜೀವ ಅದ!” ಎಂದು ನೆರೆದಿದ್ದ ಜನ ಕೂಗಿದರು. ಶಿವಲಿಂಗವ್ವ ಎರಡೂ ಕೈ ಜೋಡಿಸಿ ನನ್ನನ್ನು ನೋಡಿದಳು.

ನಾನು ಎತ್ತಿನ ಮುಖ ನೋಡುತ್ತಿದ್ದೆ. ಆ ಮುಖ ತಿರುಗಿರಲಿಲ್ಲ. ಕಿವಿಯೂ ಅಲುಗಿರಲಿಲ್ಲ. ಇದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಬೆನ್ನುಮೂಳೆಯೊಳಗಿನ ಹುರಿ ನಡುವೆ ತುಂಡಾದರೂ, ತುಂಡಾದ ಕೆಳಭಾಗ ತನ್ನಷ್ಟಕ್ಕೆ ತಾನೇ ಕಾಲನ್ನು ಎಳೆಯಬಲ್ಲದು. ಚುಚ್ಚಿದ ಸುದ್ದಿ ಮಾತ್ರ ತಲೆಗೆ ಮುಟ್ಟುವುದಿಲ್ಲ. ನೋವು ತಿಳಿದಿದ್ದರೆ ಪ್ರಾಣಿ ತಿರುಗಿ ನೋಡುತ್ತದೆ, ಕೂಗುತ್ತದೆ, ಹಾಯಲು ಬರುತ್ತದೆ. ಮಲ್ಲ ಎದುರಿನ ಗೋದಲೆಯನ್ನೇ ನೋಡುತ್ತಿತ್ತು. ನಿದ್ದೆಯ ಮದ್ದನ್ನು ನರಕ್ಕೆ ತುಂಬ ಬಿಟ್ಟು ಅದನ್ನು ಶಾಂತವಾಗಿ ಕಳಿಸಿಕೊಡುವುದೊಂದೇ ಉಳಿದ ಉಪಚಾರ.

ಅದನ್ನು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಯಾರೋ, “ಎಲುಬಿನ ಸಾಹೇಬ್ರ ಅದಾರಲ್ಲ, ಅಂಜಬ್ಯಾಡ ಬಿಡವ್ವಾ” ಎಂದರು. ತೆರೆದ ಬಾಯಿಂದ ಹೊರಬಿದ್ದದ್ದು, “ನೋಡೋಣು. ಕಟ್ಟು ಹಾಕಿ ನೋಡೋಣು” ಎಂಬ ಮಾತು. ಎತ್ತನ್ನು ಕೊಲ್ಲಲು ಈ ಹೆಂಗಸು ಎಂದೂ ಒಪ್ಪಲಾರಳು, ಬಸವಣ್ಣನನ್ನು ಕೊಂದ ಪಾಪಕ್ಕೆ ಅಂಜುತ್ತಾಳೆ, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವಳನ್ನು ಕೇಳಲಿಲ್ಲ.

ಮರುದಿನ ನಾನು ಮಾಡಿದ್ದನ್ನು ಈಗ ಬರೆಯಲು ಕೈ ಹಿಂಜರಿಯುತ್ತದೆ. ಬೆನ್ನುಮೂಳೆಯ ಕಮಾನನ್ನು ಕೊರೆದು ಒಳಗಿನ ಒತ್ತಡ ಬಿಡಿಸುವ ಶಸ್ತ್ರಕ್ರಿಯೆಯನ್ನು ನಾಯಿಗಳಿಗೆ ಮಾಡಿದ್ದನ್ನು ಪುಸ್ತಕದಲ್ಲಿ ಓದಿದ್ದೆ. ಎತ್ತಿಗೆ ಅದನ್ನು ಮಾಡುವ ಸಾಧನವಾಗಲಿ, ಎಲುಬಿನ ಒಳಗನ್ನು ತೋರಿಸುವ ಯಂತ್ರವಾಗಲಿ ನಮ್ಮಲ್ಲಿರಲಿಲ್ಲ. ಹಾಗಾಗಿ ಹಳೆಯ ಬಲಪ್ರಯೋಗಕ್ಕೆ ಇಳಿದೆ. ಮತ್ತಿನ ಮದ್ದು ಕೊಟ್ಟು, ಎದೆಗೂ ಸೊಂಟಕ್ಕೂ ಹಗ್ಗ ಬಿಗಿದು, ಮುಂದೆ ಮೂವರು ಹಿಂದೆ ಮೂವರು ಜಗ್ಗುತ್ತಿರುವಾಗ ಗಂಟಿನ ಮೇಲೆ ಎರಡೂ ಅಂಗೈಯೂರಿ ಮೈಭಾರ ಬಿಟ್ಟೆ. ಒಳಗೆ ಲಟಕ್ಕೆಂದಿತು. ಜನ ಸಂತೋಷದಿಂದ ಕೇಕೆ ಹಾಕಿದರು. ಉಳಿದಿದ್ದ ಪ್ಲಾಸ್ಟರನ್ನೆಲ್ಲ ಸುರಿದು ಬೆನ್ನಿಗೂ ಪಕ್ಕೆಗೂ ಬಿಳಿಯ ಕವಚ ಕಟ್ಟಿದೆ. ದಪ್ಪ ಗೋಣಿಯನ್ನು ಹೊಟ್ಟೆಯ ಕೆಳಗೆ ಹಾಯಿಸಿ ಹಟ್ಟಿಯ ಮುಂದಿನ ಬೇವಿನ ಕೊಂಬೆಗೆ ಎತ್ತಿ ಕಟ್ಟಿಸಿದೆ. ದೂರದಿಂದ ನೋಡಿದರೆ ಎತ್ತು ನಿಂತಂತೆಯೇ ಕಾಣುತ್ತಿತ್ತು. ಅಕ್ಕಪಕ್ಕದ ಹಳ್ಳಿಗಳಿಂದ ಜನ ನೋಡಲು ಬಂದರು.

ಐದಾರು ದಿನಕ್ಕೆ ವಾಸನೆ ಶುರುವಾಯಿತು. ಗೋಣಿ ಒತ್ತಿದಲ್ಲಿ ಚರ್ಮ ಸುಲಿಯಿತು. ಕವಚದ ಅಂಚಿನಿಂದ ಹುಳು ಇಣುಕಿದವು. ಸತ್ತ ಅರ್ಧಕ್ಕೆ ಏನೂ ತಿಳಿಯುತ್ತಿರಲಿಲ್ಲ. ಬದುಕಿದ್ದ ಅರ್ಧಕ್ಕೆ ಎಲ್ಲ ತಿಳಿಯುತ್ತಿತ್ತು. ಮೇವು ಬಿಟ್ಟಿತು. ಶಿವಲಿಂಗವ್ವ ದಿನವಿಡೀ ಅದರ ಎದುರಿಗೆ ಕೂತು ಬೇವಿನ ಸೊಪ್ಪಿನಿಂದ ನೊಣ ಹೊಡೆಯುತ್ತಿದ್ದಳು. ನಾನು ಮಾನ್ವಿಯಿಂದ ದಿನ ಬಿಟ್ಟು ದಿನ ಬಂದು ಹುಳು ತೆಗೆದು, ಔಷಧ ಸವರಿ, “ಇನ್ನೊಂದೆರಡು ದಿನ ನೋಡೋಣು” ಎನ್ನುತ್ತಿದ್ದೆ.

ಅಂಥದೊಂದು ಮಧ್ಯಾಹ್ನ ಬೇಲಿಯ ಆಚೆ ದುರುಗವ್ವ ನಿಂತಿದ್ದಳು. ಊರಾಚೆಯ ಕೇರಿಯ ಮುದುಕಿ. ಸತ್ತ ದನವನ್ನು ಹೊತ್ತೊಯ್ದು ಸುಲಿಯುವ ಮನೆತನ. ಬದುಕಿರುವ ದನದ ಹತ್ತಿರ ಅವಳು ಸುಳಿದರೆ ಅಪಶಕುನವೆಂದು ಜನ ಬೈದು ಅಟ್ಟುತ್ತಿದ್ದರು. ಅಂದು ಅಟ್ಟಲು ಯಾರೂ ಇರಲಿಲ್ಲ. ಶಿವಲಿಂಗವ್ವ ನೀರಿಗೆ ಹೋಗಿದ್ದಳು.

“ಯಪ್ಪಾ, ಇನ್ನೊಮ್ಮಿ ಕಾಲಿಗೆ ಚುಚ್ರಿ, ನೋಡ್ತೀನಿ” ಎಂದಳು.

ಏಕೋ ಚುಚ್ಚಿದೆ. ಕಾಲು ಎಳೆದುಕೊಂಡಿತು.

“ಕಾಲು ಎಳಕೊಂಡ್ತು. ಮಾರಿ ತಿರುಗಲಿಲ್ಲ,” ಎಂದಳು ದುರುಗವ್ವ. “ಒಳಗಿನ ಹುರಿ ಹರದದರೀ. ಇಂಥಾವು ನಾಕಾರು ಸುಲಿದೀನಿ ನಾ. ನಿಮಗೂ ಗೊತ್ತದ. ನಿಮ್ಮ ಮಾರಿ ನೋಡಿದ್ರ ತಿಳೀತದ.”

“ನೀ ಯಾಕ ಬಂದಿ ಇಲ್ಲಿ?” ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

“ಚರ್ಮಕ್ಕ ಬಂದೀನಿ ಅಂದ್ಕೊಂಡ್ರೇನು? ಆ ಚರ್ಮದಾಗ ಇನ್ನೇನು ಉಳದದರೀ?” ಎಂದು ಹೇಳಿ ಅವಳು ಹೊರಟುಹೋದಳು.

ಕೊಂಬೆಗೆ ಕಟ್ಟಿದ ಹನ್ನೊಂದನೆಯ ದಿನದ ಬೆಳಿಗ್ಗೆ ಮಲ್ಲ ಗೋಣಿಯಲ್ಲಿ ತೂಗಾಡುತ್ತಲೇ ಸತ್ತಿತು. ಕೇರಿಯವರು ಬಂದು ಒಯ್ದರು. ಅಂದು ಔಷಧ ಸವರಲು ಬಂದಿದ್ದ ನಾನು ಅವರ ಹಿಂದೆಯೇ ಹೋದೆ. ಡಾಕ್ಟರು ಅಲ್ಲಿಗೆ ಬಂದದ್ದು ಅವರಿಗೂ ಸೋಜಿಗ. ದುರುಗವ್ವ ಕೊಡಲಿಯಿಂದ ಬೆನ್ನುಮೂಳೆಯನ್ನು ಉದ್ದಕ್ಕೂ ಬಿಡಿಸಿದಳು. ಅಷ್ಟು ನಿಖರವಾದ ಕೈ ನನ್ನ ಗುರುಗಳಲ್ಲೂ ನಾನು ಕಂಡಿರಲಿಲ್ಲ. ಎರಡು ಮೂಳೆಗಳು ಒಂದರ ಮೇಲೊಂದು ಏರಿದ್ದವು. ನಡುವಿನ ಹುರಿ ಜಜ್ಜಿ, ಒಡೆದ ಹಾಲಿನಂತಾಗಿತ್ತು. ಅವಳು ಬೆರಳ ತುದಿಯಿಂದ ತೋರಿಸಿದಳು.

“ಇದು ಹಳೀ ಗಾಯರೀ. ಬಂಡಿ ಬಿದ್ದ ದಿನದ್ದು,” ಎಂದಳು. ಆಮೇಲೆ ಪಕ್ಕದಲ್ಲಿ ಹೊಸದಾಗಿ ಸೀಳಿದ್ದ ಎಲುಬಿನ ಚೂರನ್ನು ತೋರಿಸಿ, “ಇದು ನೀವು ಜಗ್ಗಿಸಿದ್ದು” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಲ್ಲಿಂದ ನೇರ ಮಾನ್ವಿಯ ದಾರಿ ಹಿಡಿಯಬಹುದಿತ್ತು. ಶಿವಲಿಂಗವ್ವನ ಮನೆಗೆ ಹೋದೆ. ಅವಳು ಹಟ್ಟಿ ಗುಡಿಸುತ್ತಿದ್ದಳು. ಬಿಳಿಯ ಪ್ಲಾಸ್ಟರಿನ ಚೂರುಗಳು ಕಸದಲ್ಲಿ ಬಿದ್ದಿದ್ದವು.

“ಯವ್ವಾ, ಅದು ಉಳಿಯೂದಿಲ್ಲಂತ ನನಗ ಮೊದಲ ದಿನಾನ ಗೊತ್ತಿತ್ತು” ಎಂದೆ.

ಅವಳು ಗುಡಿಸುವುದನ್ನು ನಿಲ್ಲಿಸಿದಳು. “ಮತ್ತ ಯಾಕ ಹೇಳಲಿಲ್ಲರೀ?”

“ನೀವು ಕೊಲ್ಲಾಕ ಒಪ್ಪಂಗಿಲ್ಲ ಅಂದ್ಕೊಂಡೆ.”

“ಕೇಳಿದ್ರೇನು ನನ್ನ?” ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಹೇಳಿದಳು: “ಕರು ಇದ್ದಾಗ ಅದರ ಬಾಯಿಗೆ ಗೊಟ್ಟ ಇಟ್ಟು ಜೀವ ಹಾಕಿದಾಕಿ ನಾ. ಕಳಸೂದೂ ನನ್ನ ಕೆಲಸ ಇತ್ತು. ಮೊದಲ ದಿನಾನ ಹೇಳಿದ್ರ ಅದರ ತಲಿ ತೊಡಿ ಮ್ಯಾಲಿಟ್ಕೊಂಡು ಕುಂದರ್ತಿದ್ದೆ, ನೀವು ಮದ್ದು ಹಾಕ್ತಿದ್ರಿ. ಪಾಪ ಬಂದ್ರ ನನಗ ಬರ್ತಿತ್ತು, ಹೊರ್ತಿದ್ದೆ. ಹನ್ನೊಂದು ದಿನ ಅದು ನನ್ನ ಮಾರೀನ ನೋಡ್ತರೀ, ಸಾಹೇಬ್ರ. ಅದಕ್ಕ ನಾ ಏನಂತ ಹೇಳಲಿ?”

ಅವಳು ಕಸವನ್ನು ಬುಟ್ಟಿಗೆ ತುಂಬಿಕೊಂಡು ತಿಪ್ಪೆಯ ಕಡೆಗೆ ನಡೆದಳು. ಆ ನಂತರವೂ ಕಲ್ಲೂರಿನಿಂದ ದನಗಳು ನನ್ನ ದವಾಖಾನೆಗೆ ಬಂದವು; ಅವಳ ಮನೆಯದು ಒಂದೂ ಬರಲಿಲ್ಲ.

ಮಿತ್ರರೇ, ವೈದ್ಯನ ಸುಳ್ಳಿನಲ್ಲಿ ಒಂದು ವಿಶೇಷವಿದೆ: ಅದು ಯಾವಾಗಲೂ ಕರುಣೆಯ ಅಂಗಿ ತೊಟ್ಟೇ ಬರುತ್ತದೆ. ಎದುರಿನವರಿಗೆ ನೋವಾದೀತೆಂದು ಸುಮ್ಮನಿದ್ದೆ ಎನ್ನುತ್ತೇವೆ; ನಮ್ಮ ಹೆಸರಿಗೆ ನೋವಾದೀತೆಂಬುದು ಒಳಂಗಿಯ ಜೇಬಿನಲ್ಲಿರುತ್ತದೆ. ನಾನು ಕಾಪಾಡಲು ಹೊರಟದ್ದು ಮಲ್ಲನನ್ನಲ್ಲ, ಮಸರಕಲ್ಲಿನ ಹೋರಿಯ ಕೀರ್ತಿಯನ್ನು. ಅದಕ್ಕೆ ಹನ್ನೊಂದು ದಿನ ಒಂದು ಮೂಕಜೀವ ಕೊಂಬೆಗೆ ತೂಗಿತು.

ಮುಂದೆ ನನಗೆ ರಾಯಚೂರಿಗೆ ವರ್ಗವಾಯಿತು. ಯುದ್ಧ ಮುಗಿದಿತ್ತು. ಸ್ಟೇಷನ್ ರಸ್ತೆಯಲ್ಲಿ ಟಾಂಗಾ ಹೊಡೆಯುತ್ತಿದ್ದ ಹುಸೇನಸಾಬ ಎಂಬಾತನ ಕುದುರೆ, ಲಾರಿಯೊಂದು ಹಿಂದಿನಿಂದ ಗುದ್ದಿ, ಚರಂಡಿಗೆ ಬಿತ್ತು. ಜನ ಅದನ್ನು ಕೈಬಂಡಿಯ ಮೇಲೆ ತಂದರು. ಹಿಂಗಾಲುಗಳು ಜೋತಾಡುತ್ತಿದ್ದವು. ನಾನು ಹುಸೇನಸಾಬನನ್ನು ಹತ್ತಿರ ಕರೆದು ಕುದುರೆಯ ತಲೆಯ ಬಳಿ ನಿಲ್ಲಿಸಿ, “ಕಾಲು ನೋಡಬ್ಯಾಡ್ರಿ, ಮಾರಿ ನೋಡ್ರಿ” ಎಂದು ಹೇಳಿ ಸೂಜಿ ಚುಚ್ಚಿದೆ. ಕಾಲು ಎಳೆದುಕೊಂಡಿತು. ಸುತ್ತಲಿನವರು ಉಬ್ಬಿದರು. ಅವನು ಮುಖವನ್ನೇ ನೋಡುತ್ತಿದ್ದ.

“ಅದಕ್ಕ ತಿಳೀಲಿಲ್ಲ,” ಎಂದೆ. “ಬೆನ್ನಿನ ಹುರಿ ಹರದದ. ಜಗತ್ತಿನಾಗ ಯಾರೂ ಕೂಡಸಾಕ ಆಗೂದಿಲ್ಲ. ನಾ ಮಾಡಬಹುದಾದ್ದು ಒಂದ, ನೋವಿಲ್ಲದಂಗ ಕಳಸೂದು. ನೀವು ಹೂಂ ಅಂದ್ರ ಮಾತ್ರ.”

ಅವನು ನನ್ನ ಮೇಲೆ ಕೆಂಡವಾದ. “ಡಾಕ್ಟರ್ ಅಲ್ಲ ನೀವು, ಕಸಾಯಿ!” ಎಂದು ಎಲ್ಲರೆದುರು ಕೂಗಿ, ಕೈಬಂಡಿಯನ್ನು ತಾನೇ ತಳ್ಳಿಕೊಂಡು ಹೋದ. ನೆರೆದವರು ನನ್ನನ್ನು ಒಂಥರಾ ನೋಡಿ ಚದುರಿದರು. ನಾನು ಮನೆಗೆ ಹೋಗಲಿಲ್ಲ. ದವಾಖಾನೆಯ ಕಟ್ಟೆಯ ಮೇಲೆ ಕೂತೆ.

ಹೊತ್ತು ಇಳಿಯುವಾಗ ಅವನು ಬರಿಗೈಯಲ್ಲಿ ಬಂದು ಗೇಟಿನ ಹತ್ತಿರ ನಿಂತ. ಕಣ್ಣು ಕೆಂಪಾಗಿದ್ದವು.

“ಬರ್ರಿ ಸಾಹೇಬ್,” ಎಂದ. “ತಲಿ ನಾ ಹಿಡೀತೀನಿ.”